ಒಂದು ಗೇಣು ಬೆಲ್ಟು

"ಬೆಲ್ಟಿನಲ್ಲಿ ಅನ್ಯವಸ್ತು ಪತ್ತೆಯಾಗಿದೆ. ವಾಹನ ಚಲಿಸುವುದಿಲ್ಲ. ಪ್ರಯಾಣಿಕರು ಕೆಳಗಿಳಿಯಬೇಕು."

ಕಾರು ಇದನ್ನು ಮೊದಲು ಒಳಗೆ ಹೇಳಿತು. ಆಮೇಲೆ ಹೊರಗಿನ ಧ್ವನಿವರ್ಧಕದಲ್ಲಿ, ಹುಬ್ಬಳ್ಳಿಯ ಆ ನಿಲ್ದಾಣದಲ್ಲಿದ್ದ ಎಲ್ಲರಿಗೂ ಕೇಳುವಂತೆ ಮೂರು ಸಲ ಹೇಳಿತು. ಜನ ತಿರುಗಿ ನೋಡಿದರು. ಒಳಗೆ ಕೂತಿದ್ದ ಮಂದಾಕಿನಿ ಕಡ್ಲಿಮಟ್ಟಿಯ ಮುಖ ಕೆಂಪೇರಿತು.

ಆಕೆಗೆ ಐವತ್ತೆರಡು ವರ್ಷ. ಮನೆಮನೆಗೆ ಹೋಗಿ ಮೂತ್ರಪಿಂಡದ ರೋಗಿಗಳಿಗೆ ಡಯಾಲಿಸಿಸ್ ಮಾಡುವ ನರ್ಸ್. ದಪ್ಪ ಶರೀರ. ಚಿಕ್ಕಂದಿನಿಂದಲೂ ಹಾಗೆಯೇ. ಕಾರಿನ ಸೀಟ್ ಬೆಲ್ಟ್ ಆಕೆಗೆ ಒಂದು ಗೇಣು ಸಾಲುತ್ತಿರಲಿಲ್ಲ. ಅದಕ್ಕಾಗಿ ನಾಲ್ಕು ವರ್ಷಗಳಿಂದ ಒಂದು ಜೋಡುಪಟ್ಟಿಯನ್ನು ಬಳಸುತ್ತಿದ್ದಳು. ಅದರ ಒಂದು ತುದಿಯಲ್ಲಿ ಲೋಹದ ನಾಲಗೆ, ಇನ್ನೊಂದು ತುದಿಯಲ್ಲಿ ಕೊಂಡಿ. ಬೆಲ್ಟಿಗೂ ಸೀಟಿನ ಕೊಂಡಿಗೂ ನಡುವೆ ಸಿಕ್ಕಿಸಿದರೆ ಸಾಲದ ಗೇಣು ಸೇರಿಕೊಳ್ಳುತ್ತಿತ್ತು. ಕಾರು ತಯಾರಿಸುವ ಕಂಪನಿಯೇ ಹೊರದೇಶಗಳಲ್ಲಿ ಮಾರುವ ವಸ್ತು ಅದು. ಇಲ್ಲಿ ಮಾತ್ರ ಮಾರುತ್ತಿರಲಿಲ್ಲ; ಆಕೆ ಹೊರದೇಶದಿಂದ ತರಿಸಿಕೊಂಡಿದ್ದಳು.

ಚಾಲಕರಿಲ್ಲದ ಕಾರುಗಳು ಬಂದು ಹನ್ನೊಂದು ವರ್ಷವಾಗಿತ್ತು. ಬೆಲ್ಟ್ ಹಾಕಿಕೊಳ್ಳಿ ಎಂದು ಗದರಲು ಈಗ ಪೊಲೀಸರು ಬೇಕಿರಲಿಲ್ಲ. ಆ ಕೆಲಸಕ್ಕೆ 'ಪಟ್ಟಿಗಾವಲು' ಎಂಬ ಯಂತ್ರ ಬಂದಿತ್ತು. ಕೊಂಡಿಯೊಳಗೆ ಕಡಲೆಕಾಳಿನಷ್ಟು ದೊಡ್ಡದಾದ ಈ ಸಾಧನ, ಒಳಗೆ ಬಂದ ನಾಲಗೆ ಆ ಕಾರಿನದೇ ಹೌದೋ ಅಲ್ಲವೋ ಎಂದು ಗುರುತಿಸುತ್ತಿತ್ತು. ಹೌದಾದರೆ ಕಾರು ಹೊರಡುತ್ತಿತ್ತು. ಹಿಂದಿನ ಕಾನೂನು ಜೋಡುಪಟ್ಟಿ ಕೂಡದೆಂದೂ ಹೇಳಿರಲಿಲ್ಲ, ಇರಲೆಂದೂ ಹೇಳಿರಲಿಲ್ಲ; ಹಾಗಾಗಿ ಜೋಡುಪಟ್ಟಿ ಕಂಡರೂ ಯಂತ್ರ ಕಾರನ್ನು ತಡೆಯುತ್ತಿರಲಿಲ್ಲ. ಹೊಸ ನಿಯಮ ಒಂದೇ ಸಾಲಿನಲ್ಲಿ ಮುಗಿಸಿತ್ತು: ಕಾರ್ಖಾನೆಯಲ್ಲಿ ಅಳವಡಿಸದ ಯಾವುದೇ ಭಾಗ ನಿಷಿದ್ಧ. ಆ ನಿಯಮ ಜಾರಿಗೆ ಬಂದದ್ದು ಅಂದು ಬೆಳಿಗ್ಗೆಯೇ.

ಮಂದಾಕಿನಿ ಇನ್ನೆರಡು ಕಾರು ಹತ್ತಿ ಇಳಿದಳು. ಮೂರನೆಯದೂ ಅದನ್ನೇ ಹೇಳಿದಾಗ, ಔಷಧದ ಚೀಲ ಹೆಗಲಿಗೇರಿಸಿ ಬಿಸಿಲಲ್ಲಿ ನಡೆದೇ ಹೊರಟಳು. ಕೇಶ್ವಾಪುರದಲ್ಲಿ ನಿವೃತ್ತ ರೈಲ್ವೆ ನೌಕರ ದೇವೇಂದ್ರಪ್ಪ ಬಾರಕೇರ ಅವಳಿಗಾಗಿ ಕಾಯುತ್ತಿದ್ದ. ಆಕೆ ತಲುಪುವಷ್ಟರಲ್ಲಿ, ಡಯಾಲಿಸಿಸ್ ತಡವಾಗಿ ಅವನಿಗೆ ಉಸಿರು ಕಟ್ಟಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ. ಬದುಕಿಕೊಂಡ. ಆದರೆ ಮೊದಲಿನಂತೆ ಎದ್ದು ಅಂಗಳಕ್ಕೆ ಬರಲಿಲ್ಲ.

ಸ್ವಯಂಚಾಲಿತ ವಾಹನ ಪ್ರಾಧಿಕಾರದ ಅಧಿಕಾರಿ ಪರಮಾನಂದ ಮೈಸೂರಿನ ಕಡೆಯವರು. ಮಂದಾಕಿನಿಯ ಅರ್ಜಿಯನ್ನು ಓದದೆಯೇ ಪಕ್ಕಕ್ಕಿಟ್ಟರು.

"ನೋಡಿ ಅಮ್ಮ, ನಿಯಮ ಎಲ್ರಿಗೂ ಒಂದೇ. ಬೆಳಿಗ್ಗೆ ಸ್ವಲ್ಪ ವಾಕಿಂಗ್ ಶುರು ಮಾಡಿ. ಆರು ತಿಂಗಳಲ್ಲಿ ಬೆಲ್ಟ್ ತಾನಾಗೇ ಸಾಲುತ್ತೆ."

"ಆರು ತಿಂಗಳು ನನ್ನ ಪೇಶಂಟ್ ಏನ್ ಮಾಡಬೇಕ್ರೀ?"

ಪರಮಾನಂದ ದನಿ ತಗ್ಗಿಸಿದರು. "ಒಂದು ಉಪಾಯ ಇದೆ. ಬೆಲ್ಟನ್ನ ಖಾಲಿ ಸೀಟಿಗೆ ಮೊದಲೇ ಸಿಕ್ಕಿಸಿಬಿಡಿ. ಆಮೇಲೆ ಅದರ ಮುಂದೆ ಕೂತ್ಕೊಳ್ಳಿ. ಬೆಲ್ಟ್ ಬೆನ್ನ ಹಿಂದೆ ಇರುತ್ತೆ. ಕಾರು ಹೊರಡುತ್ತೆ."

ಮಂದಾಕಿನಿ ಅರ್ಜಿಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದಳು. "ಅಂದ್ರ, ಬೆಲ್ಟ್ ಹಾಕ್ಕೊಂಡ್ರ ತಪ್ಪು. ಹಾಕ್ಕೊಳ್ದ ಕುಂತ್ರ ಕಾನೂನು. ಇದನ್ನ ಕಾಗದದ ಮ್ಯಾಲ ಬರದು ಕೊಡ್ರಿ ಸರ್."

ಅವರು ಬರೆದುಕೊಡಲಿಲ್ಲ.

ಮರುದಿನ ಆಕೆ ಬಸ್ಸು ಹಿಡಿದು ಧಾರವಾಡಕ್ಕೆ ಹೋದಳು. ಪಟ್ಟಿಗಾವಲನ್ನು ಕಂಡುಹಿಡಿದ ಡಾ. ಚಿದಂಬರ ಇನಾಂದಾರರ ಪ್ರಯೋಗಶಾಲೆ ಅಲ್ಲಿತ್ತು. ತೆಳ್ಳನೆಯ, ಮೃದು ಮಾತಿನ ಮನುಷ್ಯ. ಆಕೆ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

"ನಿಮ್ಮ ಸಿಟ್ಟು ನನಗ ತಿಳೀತದ," ಎಂದರು. "ಆದ್ರ ಇದನ್ನ ಸುಮ್ಮನ ಬ್ಯಾಡ ಅಂದಿಲ್ಲ. ಬ್ಯಾರೆ ಕಂಪನೀದು ಹಾಕಿದ್ರ ಟಕ್ ಅಂತ ಸಪ್ಪಳ ಬರ್ತದ, ಖರೇ ಕೂತಿರೂದಿಲ್ಲ. ಜಗ್ಗಿದ ಕೂಡ್ಲೆ ಬಿಚ್ಚತದ. ಕೂಸಿನ ಸೀಟಿಗೆ ಹಾಕಿದ್ರ ಸೀಟೇ ಸಡ್ಲಾಗ್ತದ. ಅದು ಬೇಕಿಲ್ಲದವರು ಹಾಕ್ಕೊಂಡ್ರ ಕೊಂಡಿ ಹೊಟ್ಟಿ ಮ್ಯಾಲ ಬಂದು ಕೂಡ್ತದ. ಅಪಘಾತ ಆದ್ರ ಅದೇ ಒಳಗ ಹೊಕ್ಕತದ."

"ಅಪಘಾತದ ವಾರ್ಡಿನ್ಯಾಗ ಅಂಥ ಹೊಟ್ಟಿ ನಾ ಕೈಯಾರೆ ತೊಳ್ದೀನ್ರೀ. ನನಗ ಹೇಳಬ್ಯಾಡ್ರಿ. ನನ್ನ ಬೆಲ್ಟ್ ಎಲ್ಲಿ ಕೂಡ್ತೈತಿ ಅನ್ನೋದನ್ನ ನೀವಽ ನೋಡ್ರಿ."

ಪ್ರಯೋಗಶಾಲೆಯಲ್ಲಿದ್ದ ಪರೀಕ್ಷೆಯ ಸೀಟಿನಲ್ಲಿ ಆಕೆ ಕೂತು ಜೋಡುಪಟ್ಟಿ ಸಿಕ್ಕಿಸಿಕೊಂಡಳು. ಇನಾಂದಾರರು ಬಗ್ಗಿ ನೋಡಿದರು. ಕೊಂಡಿ ಸೊಂಟದ ಪಕ್ಕದಲ್ಲಿತ್ತು. ಕೆಳಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಮೇಲೆ ಬಿಗಿಯಾಗಿತ್ತು. ಮೇಲ್ಪಟ್ಟಿ ಹೆಗಲ ನಡುವಿನಿಂದ ಎದೆಯ ಮೇಲೆ ಹಾದುಹೋಗಿತ್ತು. ತಪ್ಪು ಹುಡುಕಲು ಅವರಿಗೆ ಏನೂ ಸಿಗಲಿಲ್ಲ.

"ಇದನ್ನೆಲ್ಲ ಯಾರ ಮ್ಯಾಲ ಪರೀಕ್ಷಾ ಮಾಡಿದ್ರಿ?" ಎಂದು ಮಂದಾಕಿನಿ ಕೇಳಿದಳು.

ಇನಾಂದಾರರು ಮೂಲೆಯಲ್ಲಿದ್ದ ರಬ್ಬರಿನ ಗೊಂಬೆಯನ್ನು ತೋರಿಸಿದರು. "ಎಪ್ಪತ್ತೆಂಟು ಕಿಲೋ. ಗಂಡಸು."

"ಮತ್ತ?"

"ಮತ್ತ... ಇಲ್ರಿ."

"ಅಂಥಾವ್ರು ಮಾತ್ರ ಕಾರಿನ್ಯಾಗ ಹೋಗಬೇಕೇನು? ನನ್ನ ಅಳತಿ ನಿಮಗ ಬೇಕಾಗಿರಲಿಲ್ಲ. ನಾ ಸತ್ರ ಲೆಕ್ಕಕ್ಕ ಬರೂದಿಲ್ಲ ಅಲ್ರೀ?"

ಇನಾಂದಾರರು ಅಳತೆಯ ಟೇಪು ತಂದು, "ಅಳತಿ ತಗೋಲ್ಯಾ?" ಎಂದು ಕೇಳಿದರು.

ಮುಂದಿನ ಏಳು ತಿಂಗಳು ಇಬ್ಬರೂ ಅದೇ ಕೆಲಸದಲ್ಲಿದ್ದರು. ಮಂದಾಕಿನಿ ಕೆಲಸಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ದೂರದ ಮೂವರು ರೋಗಿಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ಆ ಸೀಟಿನಲ್ಲಿ ಕೂರುತ್ತಿದ್ದಳು. ಕಾರಿನ ಬೆಲ್ಟುಗಳಲ್ಲಿ ಬಿಗಿತ ಅಳೆಯಲು ಕೂದಲೆಳೆಯಂಥ ಸ್ಪರ್ಶತಂತುಗಳನ್ನು ಮೊದಲೇ ನೇಯ್ದಿದ್ದರು. ಆ ತಂತುಗಳಿಗೆ ಮೆತ್ತನೆಯ ಮಾಂಸಕ್ಕೂ ಗಟ್ಟಿ ಎಲುಬಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ ಎಂಬುದು ಇನಾಂದಾರರಿಗೆ ಹೊಳೆಯಿತು. ಯಂತ್ರ ಕೇಳಬೇಕಾದ ಪ್ರಶ್ನೆಯನ್ನೇ ಬದಲಾಯಿಸಿದರು. ನಾಲಗೆ ಯಾರದು ಎಂಬುದು ಮುಖ್ಯವಲ್ಲ. ಅದು ಗಟ್ಟಿಯಾಗಿ ಕೂತಿದೆಯೇ? ಬೆಲ್ಟು ಇರಬೇಕಾದ ಕಡೆ ಇದೆಯೇ?

ಕೆಲವೇ ಕೆಲವು ದಪ್ಪ ಜನರಿಗೆ ಅನುಕೂಲವಾಗುವ ಸಣ್ಣ ತಿದ್ದುಪಡಿ ಎಂದು ತಿಳಿದು ಪ್ರಾಧಿಕಾರ ಒಪ್ಪಿಗೆ ಕೊಟ್ಟಿತು. ಒಂದು ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ–ಧಾರವಾಡದ ಎಲ್ಲ ಕಾರುಗಳೂ ಹೊಸ ಲೆಕ್ಕಕ್ಕೆ ಬದಲಾದವು.

ಮಂದಾಕಿನಿ ಕೂತಳು, ಸಿಕ್ಕಿಸಿಕೊಂಡಳು. ಕಾರು ಒಂದು ಮಾತೂ ಆಡದೆ ಹೊರಟಿತು. ಕಿಟಕಿಯಾಚೆ ನೋಡಿದರೆ ರಸ್ತೆಯ ಎರಡೂ ಬದಿಗೆ ಕಾರುಗಳು ನಿಂತೇ ಇದ್ದವು. ಇಳಿದು ನಿಂತವರು ಕಾರುಗಳಿಗೆ ಬೈಯುತ್ತಿದ್ದರು. ಬೆಲ್ಟನ್ನು ಹೊಟ್ಟೆಯ ಮೇಲೆ ಹಾಕಿಕೊಂಡವರು, ಕಂಕುಳ ಕೆಳಗೆ ತೂರಿಸಿಕೊಂಡವರು, ಬೆನ್ನ ಹಿಂದೆ ಸಿಕ್ಕಿಸಿ ಅದರ ಮುಂದೆ ಕೂತವರು. ಎಲ್ಲರಿಗೂ ಯಂತ್ರ ಒಂದೇ ಮಾತು ಹೇಳುತ್ತಿತ್ತು: ನಿಮ್ಮ ಬೆಲ್ಟು ನಿಮ್ಮನ್ನು ಕಾಯುತ್ತಿಲ್ಲ. ಅಂದು ನಲವತ್ತೊಂದು ಸಾವಿರ ಜನ ದಾರಿಯಲ್ಲಿ ನಿಂತರು.

ನಾಲ್ಕೇ ಗಂಟೆಯಲ್ಲಿ ಪ್ರಾಧಿಕಾರ ಹಳೆಯ ಪದ್ಧತಿಗೆ ಮರಳಲು ಆದೇಶ ಹೊರಡಿಸಿತು. ಅದಕ್ಕೆ ಇನಾಂದಾರರ ರುಜು ಬೇಕಿತ್ತು. ಫೋನಿನಲ್ಲಿ ಪರಮಾನಂದ ಕೂಗಾಡಿದರು. "ನಿಮ್ಮ ಯಂತ್ರದಲ್ಲಿ ದೋಷ ಇದೆ ಡಾಕ್ಟ್ರೇ!"

"ಏಳು ತಿಂಗಳು ಒಬ್ಬ ಹೆಣ್ಣುಮಗಳನ್ನ ರಸ್ತೆದಾಗ ನಿಲ್ಲಿಸ್ತು. ಆವಾಗ ಅದು ದೋಷ ಆಗಿರಲಿಲ್ಲ, ನಿಯಮ ಆಗಿತ್ತು," ಎಂದರು ಇನಾಂದಾರರು. ಆ ಮೃದು ದನಿಯಲ್ಲಿ ಅಂಥ ಕಾವು ಯಾರೂ ಕೇಳಿರಲಿಲ್ಲ. "ನಾ ರುಜು ಮಾಡೂದಿಲ್ರಿ. ಬೆಲ್ಟ್ ಕೆಳಗ ಸರಿಸಿಕೊಳ್ರಿ ಅಂತ ಹೇಳ್ರಿ. ಕಾರು ಹೋಗ್ತದ."

ಜನ ಗೊಣಗುತ್ತಲೇ ಸರಿಸಿಕೊಂಡರು. ಸಂಜೆಯ ಹೊತ್ತಿಗೆ ಬಹುಪಾಲು ಕಾರುಗಳು ಓಡುತ್ತಿದ್ದವು. ಆದರೆ ಆರು ಸಾವಿರದಷ್ಟು ಜನರ ಕಾರುಗಳು ಮರುದಿನವೂ ಹೊರಡಲಿಲ್ಲ, ಮೂರನೆಯ ದಿನವೂ ಇಲ್ಲ. ಇದು ಯಾರ ಎಣಿಕೆಯಲ್ಲೂ ಇರಲಿಲ್ಲ. ಇವರಿಗೆ ಬೆಲ್ಟು ಸಾಲುತ್ತಲೇ ಇರಲಿಲ್ಲ. ಮನೆಯವರಿಗೂ ಹೇಳದೆ, ನಾಚಿಕೆಯಿಂದ, ವರ್ಷಗಟ್ಟಲೆ ಅದನ್ನು ಬೆನ್ನ ಹಿಂದೆ ಸಿಕ್ಕಿಸಿ ರಕ್ಷಣೆಯಿಲ್ಲದೆ ಪ್ರಯಾಣ ಮಾಡುತ್ತಿದ್ದರು. ಪ್ರಾಧಿಕಾರ ತನ್ನ ಕಡತದಲ್ಲಿ ಮಂದಾಕಿನಿಯೊಬ್ಬಳನ್ನೇ ಎಣಿಸಿತ್ತು.

ಆ ವಾರವೇ ಕಂಪನಿಯಿಂದ ಜೋಡುಪಟ್ಟಿಗಳನ್ನು ತರಿಸಿ ಅಳತೆಯ ಶಿಬಿರ ತೆರೆಯಬೇಕಾಯಿತು. ಅಳೆಯಲು ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಮಂದಾಕಿನಿಯನ್ನೇ ಕರೆದರು. ಆಕೆ ಎಲ್ಲರಿಗೂ ಜೋಡುಪಟ್ಟಿ ಕೊಡಲಿಲ್ಲ. ತುಂಬು ಗರ್ಭಿಣಿಯೊಬ್ಬಳು ಕೇಳಿದಾಗ, "ನಿನಗ ಬ್ಯಾಡವಾ, ಇದ್ದದ್ದಽ ಸಾಲತೈತಿ. ಹೊಟ್ಟಿ ಕೆಳಗ ತೊಗೊ, ಹಿಂಗ," ಎಂದು ಹಾಕಿ ತೋರಿಸಿ ಕಳಿಸಿದಳು. ಬೇಕಾದವರಿಗೂ ಸಾಲುವವುಗಳಲ್ಲಿ ಅತಿ ಚಿಕ್ಕದನ್ನೇ ಕೊಟ್ಟಳು.

ನಾಲ್ಕನೆಯ ದಿನ ಸಾಲಿನಲ್ಲಿ ಪರಮಾನಂದ ನಿಂತಿದ್ದರು. ಹೊಟ್ಟೆಗೆ ಒಂದು ಫೈಲು ಅಡ್ಡ ಹಿಡಿದಿದ್ದರು. ಅವರ ಸರದಿ ಬಂದಾಗ ಸುತ್ತ ನೋಡಿ ಪಿಸುಗುಟ್ಟಿದರು.

"ಬೆನ್ನ ಹಿಂದೆ ಸಿಕ್ಕಿಸೋಕೆ ಶುರು ಮಾಡಿ ಮೂರು ವರ್ಷ ಆಯ್ತು ಸಿಸ್ಟರ್. ಹೇಳ್ಕೊಳ್ಳೋಕೆ ಆಗ್ಲಿಲ್ಲ."

ಮಂದಾಕಿನಿಯ ಬಾಯಿಗೆ ಎಷ್ಟೋ ಮಾತು ಬಂತು. ಎದ್ದು ಅಂಗಳಕ್ಕೆ ಬರಲಾಗದ ದೇವೇಂದ್ರಪ್ಪನ ಹೆಸರೂ ಬಂತು. ಅದೊಂದನ್ನು ಮಾತ್ರ ಆಕೆ ನುಂಗಲಿಲ್ಲ.

"ದೇವೇಂದ್ರಪ್ಪ ಬಾರಕೇರ ಅಂತ, ನನ್ನ ಪೇಶಂಟ್. ಕೇಶ್ವಾಪುರದಾಗ ಇರ್ತಾರ. ಒಮ್ಮೆ ಹೋಗಿ ಮಾತಾಡಿಸಿ ಬರ್ರಿ," ಎಂದಳು. "ಈಗ ಆ ಫೈಲ್ ಅಲ್ಲಿಟ್ಟು ಕೂಡ್ರಿ."

ಅವರು ಫೈಲನ್ನು ಪಕ್ಕಕ್ಕಿಟ್ಟು ಕೂತರು. ಆಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಟೇಪು ಹಿಡಿದ ಕೈ ಒಂದು ಬೆರಳಿನಷ್ಟೂ ತಪ್ಪು ಅಳೆಯಲಿಲ್ಲ.