ಟೆಸ್ಸಾಗೆ ಕೊಟ್ಟ ಮೌನ

"ನನ್ನ ಜೊತೆ ನಾರ್ವೆಗೆ ಬರ್ತೀಯಾ?" ಎಂದು ಹಾಲ್ವೋರ್ ಕೇಳಿದಾಗ ನಿಖಿತಾ ರಂಗದ ಮೇಲೆ ಮೊಣಕಾಲೂರಿ, ನಟರು ನಿಲ್ಲುವ ಜಾಗಕ್ಕೆ ಬಿಳಿ ಟೇಪ್ ಅಂಟಿಸುತ್ತಿದ್ದಳು.

ರಿಹರ್ಸಲ್‌ನ ಟೀ ಬ್ರೇಕ್. ಹಗಲು ಹಾಲು ಪರೀಕ್ಷಿಸುವ ಲ್ಯಾಬ್‌ನಲ್ಲಿ ದುಡಿಯುವ ಅವಳು ಸಂಜೆ ಹ್ಯಾಮಿಲ್ಟನ್ನಿನ ಈ ಪುಟ್ಟ ಥಿಯೇಟರಿನಲ್ಲಿ ಪ್ರಾಂಪ್ಟರ್. ನಟರು ಮಾತು ಮರೆತರೆ ಮರೆಯಿಂದ ಪಿಸುಗುಡುವವಳು. ಹಾಲ್ವೋರ್ ಹತ್ತೊಂಬತ್ತರ ವಯಸ್ಸಿಗೇ ನಾರ್ವೆಯ ಬರ್ಗನ್‌ನಲ್ಲಿ ಬಣ್ಣ ಹಚ್ಚಿ, ಇಪ್ಪತ್ತು ವರ್ಷ ನಟಿಸಿ, ಈಗ ನಿರ್ದೇಶಕನಾದವನು. ಈ ನಾಟಕ ಮುಗಿಸಿ ಹೋದರೆ ಅಲ್ಲಿ ಒಂದು ರಂಗಮಂದಿರವೇ ಅವನ ಕೈಗೆ.

ನಗುವಾಗ ಅವನ ಒಂದು ಕಣ್ಣು ಇನ್ನೊಂದಕ್ಕಿಂತ ತುಸು ತಡವಾಗಿ ಕಿರಿದಾಗುತ್ತಿತ್ತು. ಆ ತಡಕ್ಕೆ ಅವಳು ಮರುಳಾಗಿ ನಾಲ್ಕು ತಿಂಗಳಾಗಿತ್ತು.

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ನೆಲ ನೋಡಿದಳು. ಬಹಳ ಹೊತ್ತಿನ ಮೇಲೆ, "ಬರ್ತೀನಿ."

ಹಾಲ್ವೋರ್ ಚಪ್ಪಾಳೆ ತಟ್ಟಿದ. "ಟೆಸ್ಸಾ! ಆ ಮೌನ ನೋಡಿದೆಯಾ? ಆ ಕೈ? ಕೊನೇ ದೃಶ್ಯಕ್ಕೆ ನನಗೆ ಬೇಕಿದ್ದದ್ದು ಇದೇ!"

ಟೀ ಮಗ್ ಹಿಡಿದು ಬಾಗಿಲಲ್ಲಿದ್ದ ನಾಯಕಿ ಟೆಸ್ಸಾ ತಲೆ ತಗ್ಗಿಸಿದಳು.

ಆಮೇಲೆ ಕಾರಿನ ಹತ್ತಿರ ಅವನೆಂದ: "ಕೇಳಿದ್ದು ಸುಳ್ಳಲ್ಲ ನಿಕ್ಕಿ. ಕೇಳಿದ್ದೂ ನಿಜ, ನೋಡಿದ್ದೂ ನಿಜ. ಅಪ್ಪ ಸತ್ತ ದಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಅದೇ ಮುಖವನ್ನು ರಂಗದ ಮೇಲೆ ತಂದೆ, ಅದರಿಂದಲೇ ನನಗೆ ಹೆಸರು ಬಂತು."

ಮನೆಯಲ್ಲಿ ಫ್ಲಾಟ್‌ಮೇಟ್ ಶಮೀನಾ ಬಟ್ಟೆ ಮಡಚುತ್ತಿದ್ದಳು. ಇಬ್ಬರೂ ಧಾರವಾಡದವರು. ನಿಖಿತಾ ನಡೆದದ್ದನ್ನೆಲ್ಲ ಹೇಳಿದಳು.

"ಅಂವಾ ಕೇಳಿದ್ದು ಖರೇನ?"

"ಖರೇನ ಅಂತಾನ."

"ಮತ್ತ ಯಾಕ ಅಳಾಕತ್ತೀ, ಹುಚ್ಚಿ?"

"ಅಳೋದನ್ನೂ ನೋಡ್ತಾನಲೇ ಅಂತ."

ಮೊದಲ ಪ್ರದರ್ಶನದ ಸಂಜೆ ಟೆಸ್ಸಾಳ ಕೈ ಕೊರಳಿಗೆ ಹೋದಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿಯಿತು. ಮರೆಯಲ್ಲಿ ಸ್ಕ್ರಿಪ್ಟ್ ಹಿಡಿದು ಕುಳಿತ ನಿಖಿತಾಗೆ ಒಂದೇ ಅನ್ನಿಸಿದ್ದು: ನನಗಿಂತ ಇವಳೇ ಚೆನ್ನಾಗಿ ಮಾಡಿದಳು.

ಮೊದಲ ಪ್ರದರ್ಶನವಾದ ಮೇಲೆ ನಾಟಕ ನಟರದ್ದು, ನಿರ್ದೇಶಕ ಹೊರಡಬೇಕು. ಅದು ರಂಗದ ಪದ್ಧತಿ. ಬೆಳಗಾದರೆ ಅವನ ವಿಮಾನ. ಪರದೆ ಬಿದ್ದೊಡನೆ ಅವಳ ಕುರ್ಚಿಯ ಬಳಿ ಬಂದ.

"ನಿಕ್ಕಿ, ಈಗ ಇಲ್ಲಿ ಯಾರೂ ಇಲ್ಲ. ಇನ್ನೊಮ್ಮೆ ಹೇಳು."

"ಕಣ್ಣು ಮುಚ್ಚಿಕೊಂಡು ಕೇಳು."

ನಕ್ಕ. ಅವಳು ನಗಲಿಲ್ಲ. ಕಣ್ಣು ಮುಚ್ಚಿದ.

"ಬರ್ತೀಯಾ?" ದನಿ ನಿಜಕ್ಕೂ ನಡುಗಿತು. ಹೂಂ ಎನ್ನಲು ಅವಳ ತುಟಿ ತೆರೆಯಿತು.

ಅಷ್ಟರಲ್ಲಿ ಅವನ ರೆಪ್ಪೆ ಕೂದಲೆಳೆಯಷ್ಟು ಬಿಚ್ಚಿಕೊಂಡಿತು. ನೋಡದೆ ಇರಲು ಅವನಿಂದ ಆಗಲಿಲ್ಲ, ಪಾಪ.

"ಬರಲ್ಲ," ಎಂದಳು. ಅಷ್ಟು ಹೊತ್ತಿಗೆ ಅವನಿಗೆ ಕಾಣದಂತೆ ಮುಖ ತಿರುಗಿಸಿಯಾಗಿತ್ತು.