ಲೇಬಲ್ಲಿಲ್ಲದ ಬೂಸ್ಟರ್

ಖಣ್!

ಹೊರಗಿನಿಂದ ಸರಪಳಿ ಬಿತ್ತು. ನಾನು ಒಳಗೆ!

ಒಳಗೆ ಅಂದರೆ ಮೆಟ್ರಿ ಊರಿನ ಹೊನ್ನೂರುಸ್ವಾಮಿಯ ಪಾಲಿಹೌಸ್, ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ. ಮಟಮಟ ಮಧ್ಯಾಹ್ನ. ಸುತ್ತ ಎದೆಯೆತ್ತರದ ಡೊಣ್ಣಮೆಣಸಿನ ಗಿಡ. ಕೈಯಲ್ಲಿ ಎರಡು ಕೆಜಿ ಕಾಯಿಯ ಸ್ಯಾಂಪಲ್ ಚೀಲ.

"ಚೀಲ ಅಲ್ಲೇ ಇಡ್ರಿ ಮೇಡಂ! ಬಾಗ್ಲಾ ತಗಿತೀನಿ," ಅಂದ ಹೊರಗಿನಿಂದ ಹೊನ್ನೂರುಸ್ವಾಮಿ.

"ಇಡ್ಲಿಲ್ಲಂದ್ರ?"

"ಎಣ್ಣಿ ಹೊಡಿಯೋ ಟೈಮಾತ್ರಿ... ಒಳಗ ಯಾರದಾರೋ ನನಗೇನ್ ಗೊತ್ತು?"

ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಈ ಭೀಮಾಬಾಯಿ ಬಂದರೆ ತರಕಾರಿ ಬೆಳೆಯುವವರು ನಡುಗುತ್ತಾರೆ ಅಂತ, ತರಕಾರಿಯಲ್ಲಿನ ವಿಷ ಪರೀಕ್ಷಿಸುವ ಹೊಸಪೇಟೆಯ ನಮ್ಮ ಲ್ಯಾಬಿನಲ್ಲಿ ಮಾತಿದೆ. ನೀವು ನಗಬಹುದು... ಆ ಹೊತ್ತು ನಡುಗಿದವಳು ನಾನು!

ಪಾಲಿಹೌಸಿನವರು ಬಾಗಿಲ ಬಳಿಯ ಒಂದು ಸಾಲಿಗೆ ಎಣ್ಣಿ ಮುಟ್ಟಿಸುವುದಿಲ್ಲ. ಅದು 'ಮನಿ ಸಾಲು', ಅವರ ಅಡಿಗೆಗೆ. ನಮ್ಮಂಥವರು ಬಂದರೆ ಅದೇ ಸಾಲಿನ ಕಾಯಿ ಕೊಟ್ಟು ಕಳಿಸುತ್ತಾರೆ. ಹೊನ್ನೂರುಸ್ವಾಮಿಯೂ ಮೊದಲೇ ಕಿತ್ತು ಚೀಲ ತುಂಬಿಟ್ಟಿದ್ದ. ನಾನು ಅದನ್ನು ಮುಟ್ಟದೆ ಹನ್ನೆರಡನೇ ಸಾಲಿಗೆ ನುಗ್ಗಿ ನಾನೇ ಕಿತ್ತಿದ್ದೆ.

ನನಗೆ ಬೇಕಾದದ್ದು ಎಣ್ಣಿಯಲ್ಲ, ಅದಕ್ಕೆ ಬೆರೆಸುವ 'ಬೂಸ್ಟರ್'. ಅದು ಸೇರಿದರೆ ಅರ್ಧ ಎಣ್ಣಿಗೇ ಹುಳ ಸಾಯುತ್ತದೆ, ಕಾಯಿಯಲ್ಲಿ ಉಳಿಯುವ ಎಣ್ಣಿ ಕಡಿಮೆ, ಲ್ಯಾಬಿನಲ್ಲಿ ಕಾಯಿ ಪಾಸು! ಬೂಸ್ಟರನ್ನು ಇಷ್ಟು ದಿನ ಯಾರೂ ಹುಡುಕಿರಲಿಲ್ಲ. ಬಯಲಲ್ಲಾದರೆ ಬಿಸಿಲು ಮಳೆಗೆ ಅಷ್ಟಿಷ್ಟು ಹೋಗುತ್ತದೆ. ಪ್ಲಾಸ್ಟಿಕ್ಕಿನಡಿ ಹೋಗುವುದೆಲ್ಲಿಗೆ?

ಡರ್ರ್... ಮೋಟರು! ಕಿಂಡಿಯಿಂದ ಸ್ಪ್ರೇ ಗನ್ನು ಒಳಗೆ ತೂರಿತು.

ಕಣ್ಣು ಉರಿ. ಗಂಟಲು ಕಟ್ಟಿತು. ಸೆರಗು ಮೂಗಿಗೊತ್ತಿ ಹಿಂಬದಿಗೆ ಓಡಿದೆ. ಹೆಗಲ ಚೀಲದಲ್ಲಿ ಸೀಲು ಹಾಕುವ ಅರಗು... ಜೊತೆಗೆ ಬೆಂಕಿಪೊಟ್ಟಣ!

ಕಡ್ಡಿ ಗೀರಿದರೆ ಹಾಳೆ ಕರಗುತ್ತದೆ. ಗಾಳಿಯಲ್ಲಿರುವುದೇ ಹೊತ್ತಿಕೊಂಡರೆ? ಸುಟ್ಟ ಬದನೆಕಾಯಿ ಆಗುತ್ತೇನೆ!

ರಾಯರನ್ನು ನೆನೆದು ಗೀರಿದೆ.

ತೂತು ಬಿತ್ತು. ಬೆರಳು ಸುಟ್ಟರೂ ಬಿಡದೆ ಹರಿದೆ. ಸ್ಯಾಂಪಲ್ ಚೀಲದ ಸಮೇತ ಹೊರಗೆ ಉರುಳಿ, ಎದ್ದು, ಜೀಪು ಹತ್ತಿದೆ.

ಕಾಲುವೆ ರಸ್ತೆಯಲ್ಲಿ ಅರ್ಧ ಮೈಲಿ ಹೋಗಿಲ್ಲ, ಬೈಕು ಅಡ್ಡ ಬಂತು! ಹೊನ್ನೂರುಸ್ವಾಮಿ. ಕೈಯಲ್ಲಿ ಕುಡುಗೋಲು.

"ಚೀಲ!"

"ಕೊಡಂಗಿಲ್ಲ," ಅಂದೆ. ಸತ್ತೆ ಅಂತಲೇ ತಿಳಿದಿದ್ದೆ.

ಅಷ್ಟರಲ್ಲಿ ಅವನ ಫೋನು. ಹೆಂಡತಿ ಸುಮಲತಾ. ಅವಳ ಕಿರುಚಾಟ ನನಗೂ ಕೇಳಿಸಿತು.

"ಮಗಳು ವಾಂತಿ ಮಾಡಾಕತ್ತಾಳ... ಬಾಯಾಗ ನೊರಿ! ಕಂಪ್ಲಿ ದವಾಖಾನಿಗೆ ಹೊಂಟೀನಿ. ಹಸಿ ಕಾಯಿ ತಿಂದಾಳ!"

"ಯಾವ ಸಾಲಿಂದು?"

"ಮನಿ ಸಾಲ್ನ್ಯಾಗ ಒಂದೂ ಇರಲಿಲ್ಲ! ಮುಂಜಾನಿ ನೀವಾ ಎಲ್ಲಾ ಹರ್ಕೊಂಡ್ರಿ. ಆಳು ಮುದುಕಮ್ಮ ಒಳಗಿನ ಸಾಲಿಂದು ತಂದ್ಲು!"

ಕುಡುಗೋಲು ಕೈಜಾರಿ ಬಿತ್ತು.

"ಬೂಸ್ಟರ್‌ನ್ಯಾಗ ಏನದ? ಡಾಕ್ಟರಿಗೆ ಹೇಳ್ಬೇಕು," ಅಂದೆ.

"ಗೊತ್ತಿಲ್ಲವ್ವಾ... ಬಾಟ್ಲಿಗೆ ಲೇಬಲ್ಲೇ ಇರ್ಲಿಲ್ಲ, ಖಾಲಿ ಆದಮ್ಯಾಲೆ ಕಾಲುವಿಗೆ ಒಗದೆ!"

"ಹಂಗಾರ ಈ ಚೀಲಾನೇ ಹೇಳ್ಬೇಕು. ಅದೂ ಲ್ಯಾಬಿಗೆ ಮುಟ್ಟಿದ್ರ!"

ಬೈಕನ್ನು ಅಲ್ಲೇ ಕೆಡವಿ ಜೀಪು ಹತ್ತಿದ. "ಲ್ಯಾಬಿಗೆ ಜಲ್ದಿ ಹೊಡೀರಿ ಅವ್ವಾ!"

ಗೇರು ಹಾಕಿದೆ. ಭಯ ಹೋಗಿರಲಿಲ್ಲ. ಈಗ ಅದು ಆ ಕೂಸಿಗಾಗಿ.

ಪಕ್ಕದಲ್ಲಿ ಅವನು ಚೀಲವನ್ನು ಎರಡೂ ಕೈಯಲ್ಲಿ ಅವುಚಿ ಕೂತಿದ್ದ. ಮೂವತ್ತು ವರ್ಷದ ಸರ್ವಿಸಿನಲ್ಲಿ ನನ್ನ ಸ್ಯಾಂಪಲ್ಲಿಗೆ ಇಂಥ ಕಾವಲು ಎಂದೂ ಸಿಕ್ಕಿರಲಿಲ್ಲ!