ಉಪ್ಪು ಹೊರುವ ಗಾಡಿ

"ಈ ಗಾಡಿಗೆ ನಾ ಕೋಟಿಂಗ್ ಹೊಡಿಯಂಗಿಲ್ರೀ ಮೇಡಂ," ಎಂದ ಬಸಲಿಂಗ.

ಶೆಡ್ಡಿನ ನಡುವೆ ತೋಡಿದ್ದ ಗುಂಡಿಯಲ್ಲಿ ಅವನು ನಿಂತಿದ್ದ. ಅವನ ತಲೆಯ ಮೇಲೆ ವನಜಾಳ ಬಿಳಿ ಪಿಕಪ್. ಗುಂಡಿಯ ಅಂಚಿನಲ್ಲಿ ಟಾರ್ಚ್ ಹಿಡಿದು ಬಗ್ಗಿದ್ದ ಅವಳಿಗೆ ಅವನ ಗಲ್ಲದ ಮೇಲಿನ ಮಸಿಯೂ ಕೈಯಲ್ಲಿದ್ದ ಸಣ್ಣ ಸುತ್ತಿಗೆಯೂ ಕಂಡವು. ಕಣ್ಣು ಕಾಣಲಿಲ್ಲ.

"ಯಾಕೆ?"

"ಕೀಲಿ ಕೊಟ್ಟು ಹೋಗ್ರಿ. ಇವತ್ತಿಂದ ಇದನ್ನ ಓಡಿಸಬ್ಯಾಡ್ರಿ."

ಅಷ್ಟು ಹೇಳಿ ಅವನು ಮತ್ತೆ ಕತ್ತಲೆಗೆ ಸರಿದ. ಮೇ ತಿಂಗಳ ಈ ಬೆಳಿಗ್ಗೆಗಾಗಿ ವನಜಾ ವರ್ಷವಿಡೀ ಕಾದಿದ್ದಳು. ಈ ಸಲವಾದರೂ ಮನಸ್ಸಿನಲ್ಲಿರುವುದನ್ನು ಅವನಿಗೆ ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

ವರ್ತೂರಿನ ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಬೋರ್‌ವೆಲ್ ನೀರೇ ಗತಿ. ಆ ಗಡಸು ನೀರನ್ನು ಮೆದು ಮಾಡುವ ಯಂತ್ರಗಳಿಗೆ ಮೂಟೆಗಟ್ಟಲೆ ಉಪ್ಪು ಬೇಕು. ಉಪ್ಪು ತಲುಪಿಸುವ ಕೆಲಸವನ್ನು ಶುರು ಮಾಡಿದ್ದು ಅವಳ ಅಪ್ಪ ಆಂಜಿನಪ್ಪ. ಅವರ ಮಂಡಿ ಸವೆದ ಮೇಲೆ ಬಿ.ಕಾಂ. ಓದಿದ್ದ ಮಗಳು ಸ್ಟೀರಿಂಗ್ ಹಿಡಿದಳು. ನೋಡಲು ಬಂದ ಗಂಡುಗಳು, ಪಿಕಪ್ ಓಡಿಸುವ ಹುಡುಗಿ ಎಂದು ಗೊತ್ತಾದೊಡನೆ ಕಾಫಿ ಕುಡಿದು ಎದ್ದು ಹೋದರು. ಅವಳಿಗೀಗ ಮೂವತ್ತಮೂರು.

ಉಪ್ಪಿನ ಮೂಟೆಗಳು ಬೆವರುತ್ತವೆ. ಆ ನೀರು ಹಲಗೆಯ ಸಂದಿಗಳಿಂದಿಳಿದು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಅಪ್ಪನ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಗಾಡಿಯಡಿಗೆ ಹಳೇ ಇಂಜಿನ್ ಆಯಿಲ್ ಬಳಿಯುತ್ತಿದ್ದರು. ಮೂರು ವರ್ಷದ ಹಿಂದೆ ಗುಂಜೂರು ರಸ್ತೆಯಲ್ಲಿ ಬಸಲಿಂಗನ ಶೆಡ್ಡು ಕಣ್ಣಿಗೆ ಬಿತ್ತು. ಕೊಪ್ಪಳದ ಕಡೆಯವನು. ತೊಳೆದು, ಬಿಸಿಲಿಗೆ ಒಣಗಿಸಿ, ತುಕ್ಕು ಕೆರೆದು, ಕಪ್ಪು ರಬ್ಬರಿನಂಥ ಕೋಟಿಂಗ್ ಹೊಡೆಯುತ್ತಿದ್ದ. ಕೆಲಸದಲ್ಲಿ ಅವಸರ ಇರಲಿಲ್ಲ.

ವನಜಾ ಗ್ಯಾಸ್ ಆಫ್ ಮಾಡಿ ಎರಡು ಸಲ ನೋಡುವವಳು. ಬೀಗ ಹಾಕಿ ಮೂರು ಸಲ ಎಳೆಯುವವಳು. ಮೊದಲ ವರ್ಷ ಇಡೀ ದಿನ ಟಾರ್ಚ್ ಹಿಡಿದು ಅವನ ತಲೆಯ ಮೇಲೆಯೇ ನಿಂತಿದ್ದಳು.

"ನಾ ಏನ್ ಕದ್ದು ಓಡಿ ಹೋಗಂಗಿಲ್ರೀ," ಎಂದಿದ್ದ ಅವನು ಕೆಳಗಿನಿಂದ. "ಗಾಡಿ ನನ್ನ ಮ್ಯಾಲ ಐತಿ. ಎಲ್ಲಿ ಓಡ್ಲಿ?"

ಮುಂದಿನ ಸಲ ಹೋದಾಗ ಗುಂಡಿಯ ಪಕ್ಕ ಒಂದು ಸ್ಟೂಲು ಇತ್ತು. ಒರೆಸಿದ್ದ ಸ್ಟೂಲು. ಅದರ ಮುಂದಿನ ಸಲ ಅವಳು ಡಬ್ಬಿ ತಂದಿದ್ದಳು, ಬಸ್ಸಾರು ಮುದ್ದೆ. ಅವನು ಮುದ್ದೆಯನ್ನು ರೊಟ್ಟಿಯಂತೆ ಅಗಿದ.

"ಅಗೀಬೇಡಿ. ನುಂಗಿ."

"ಅಗೀಲಾರದ ನುಂಗಿದ್ರ ಹೊಟ್ಟಿಗೆ ಹೆಂಗ ಗೊತ್ತಾಗ್ತೈತ್ರಿ, ಏನ್ ಬಂತು ಅಂತ?"

ಅವಳು ನಕ್ಕಿದ್ದಳು. ನಕ್ಕ ಮೇಲೆ ಯಾರಾದರೂ ನೋಡಿದರೇ ಎಂದು ರಸ್ತೆಯ ಕಡೆ ತಿರುಗಿದ್ದಳು. ಅವನು ಮಾತ್ರ ನೋಡುತ್ತಿದ್ದ. ತುತ್ತು ಕೈಯಲ್ಲೇ ಇತ್ತು.

ಕೋಟಿಂಗಿಗೆ ವರ್ಷಕ್ಕೊಂದು ಸಲ ಬಂದರೆ ಸಾಕು. ಅವಳು ಮೂರು ತಿಂಗಳಿಗೊಮ್ಮೆ "ಬರೀ ತೊಳೆದುಕೊಡಿ" ಎಂದು ಬರುತ್ತಿದ್ದಳು. ಅವನೂ ಯಾಕೆಂದು ಕೇಳಿರಲಿಲ್ಲ. ಎಲ್ಲ ಮೆಕ್ಯಾನಿಕ್‌ಗಳನ್ನೂ ಅಣ್ಣ ಎನ್ನುವ ಊರಿದು. ಅವಳು ಎರಡನೆಯ ಭೇಟಿಯಲ್ಲೇ ಆ ಮಾತನ್ನು ಬಿಟ್ಟಿದ್ದಳು. ಬೇರೆ ಮಾತು ಸಿಗದೆ "ಇಲ್ನೋಡಿ" ಎಂದೇ ಕರೆಯುತ್ತಿದ್ದಳು.

"ಇಲ್ನೋಡಿ," ಎಂದಳು ಈಗ. "ನನ್ನ ಕಾಟ ಸಾಕಾಯ್ತಾ ನಿಮಗೆ? ಹಂಗಿದ್ರೆ ನೇರವಾಗಿ ಹೇಳ್ಬಿಡಿ. ನಾನು ಬರೋದಿಲ್ಲ."



"ಕೆಳಗ ಬರ್ರಿ," ಎಂದ ಬಸಲಿಂಗ.

ಮೂರು ವರ್ಷದಲ್ಲಿ ಅವಳು ಆ ಗುಂಡಿಗೆ ಇಳಿದಿರಲಿಲ್ಲ. ಅವನು ಕೈ ಚಾಚಿ, ಮಸಿ ಕಂಡು ಹಿಂದಕ್ಕೆಳೆದುಕೊಂಡ. ಗೋಡೆ ಹಿಡಿದು ಅವಳೇ ಇಳಿದಳು. ಇಬ್ಬರು ನಿಂತರೆ ಭುಜಕ್ಕೆ ಭುಜ ತಾಕುವಷ್ಟು ಜಾಗ. ಅವನು ಗೋಡೆಗೆ ಅಂಟಿ ನಿಂತು ಅವಳಿಗೆ ದಾರಿ ಬಿಟ್ಟ.

"ಕೇಳ್ರಿ." ಮುಂದಿನ ಕಡೆ ಸುತ್ತಿಗೆಯಿಂದ ತಟ್ಟಿದ. ಠಣ್ ಎಂದಿತು. ಹಿಂದಿನ ಚಕ್ರದ ಬಳಿ ತಟ್ಟಿದ. ದಬ್ ಎಂದಿತು, ಹಸಿ ಮಡಕೆಯ ಹಾಗೆ.

ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಒತ್ತಿದ. ಅದು ಒಳಗೆ ಹೋಯಿತು. ಹೊಳೆಯುವ ಕಪ್ಪು ಕೋಟಿಂಗ್ ಹರಿದು, ಕಂದು ನೀರು, ತುಕ್ಕಿನ ಹಕ್ಕಳೆ, ಕರಗದ ಉಪ್ಪಿನ ಹರಳು, ಎಲ್ಲವೂ ಅವಳ ಚಪ್ಪಲಿಯ ಮೇಲೆ ಸುರಿದವು.

"ಚಾಸಿ ಒಳಗ ಪೊಳ್ಳು ಇರ್ತೈತ್ರಿ. ಒಳಗ ಹೋದ ನೀರು ಇಳೀಲಿ ಅಂತ ಕಂಪನಿಯವ್ರು ತೂತು ಇಟ್ಟಿರ್ತಾರ. ಎಂಟು ತೂತು. ಕೋಟಿಂಗ್ ಹೊಡಿಯಾಕ ಮೊದ್ಲ ನಾವು ಕಾಗದದ ಬಿರಡಿ ಇಡ್ತೀವಿ, ಆಮ್ಯಾಲ ತಗೀತೀವಿ. ಈ ಎಂಟೂ ಮುಚ್ಚ್ಯಾವ್ರಿ. ಒಂದು ವರ್ಷದ ಉಪ್ಪು ನೀರು ಒಳಗಽ ಕುಂತೈತಿ."

"ಯಾರು ಮುಚ್ಚಿದ್ದು?"

"ನಾನಽ ರೀ."

ಅವನು ಅವಳನ್ನು ನೋಡಲಿಲ್ಲ. "ಹೋದ ಮೇದಾಗ ಬಿರಡಿ ತಗದ ಮ್ಯಾಲ ಮತ್ತೊಂದು ಕೈ ಹೊಡದೆ. ತಿರುಗಿ ಬಿರಡಿ ಇಡೂದು ಮರತೆ. ನಡುವ ತೊಳಿಯಾಕ ಬಂದಾಗೂ ಕೆಳಗ ಇಳದು ನೋಡ್ಲಿಲ್ಲ."

ನಿನ್ನೆ ಇದೇ ಗಾಡಿಯಲ್ಲಿ ಇಪ್ಪತ್ತೈದು ಮೂಟೆ ಹೇರಿಕೊಂಡು, ಕೆರೆ ಏರಿಯ ಮೇಲೆ ಟ್ಯಾಂಕರುಗಳ ನಡುವೆ ಬಂದಿದ್ದಳು. ಪಕ್ಕದಲ್ಲಿ ಮೂಟೆ ಇಳಿಸುವ ಮುತ್ತು ಕೂತಿದ್ದ. ಅವನಿಗೆ ಮೂರು ಮಕ್ಕಳು.

"ನಿಮ್ಮನ್ನ ನಂಬಿದ್ದೆ ನಾನು," ಎಂದಳು.

ಅವಳು ಮಾತನ್ನು ಅಳೆದು ಆಡುವವಳು. ಈ ಮಾತು ಅಳತೆ ತಪ್ಪಿತ್ತು. ಅವನು ಕೆನ್ನೆಗೆ ಪೆಟ್ಟು ಬಿದ್ದವನಂತೆ ನಿಂತ. ಕೀಲಿಯನ್ನು ಗುಂಡಿಯ ಕಟ್ಟೆಯ ಮೇಲಿಟ್ಟು ಮೇಲೆ ಹತ್ತಿದವಳು ಹಿಂದೆ ತಿರುಗಲಿಲ್ಲ. ಆಟೋ ನಿಲ್ಲಿಸಲೂ ತೋಚದೆ ವರ್ತೂರಿನವರೆಗೂ ಬಿಸಿಲಿನಲ್ಲಿ ನಡೆದಳು.

ವಿಷಯ ಕೇಳಿ ಆಂಜಿನಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು.

"ಈಗ್ಲೇ ಓಗಿ ಅವನ್ನ ನಾಕು ಮಾತು ಕೇಳ್ಬುಟ್ಟು ಬತ್ತೀನಿ. ಎಲ್ಲಿಂದ್ಲೋ ಬಂದೋನು, ನನ್ ಮಗಳ ಜೀವದ ಜೊತೆ ಆಟ ಆಡ್ತವ್ನಾ?"

"ಬೇಡಪ್ಪ."

"ಯಾಕಮ್ಮಿ ಬೇಡ?"

"ಮೇಲೆ ಇನ್ನೊಂದು ಕೋಟಿಂಗ್ ಹೊಡೆದು ಕಳಿಸಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ನೋಡಿದ್ರೆ ಹೊಸದರ ಹಂಗೇ ಇತ್ತು. ಅವರೇ ಕರೆದು ತೋರಿಸಿದ್ರು."

"ಓಹೋ. ತೋರಿಸ್ಬುಟ್ರೆ ಎಲ್ಲಾ ಸರಿಯೋಯ್ತಾ?"

ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಪಿಳ್ಳಮ್ಮ ತಲೆಯೆತ್ತಿ ಮಗಳ ಮುಖ ನೋಡಿದರು. "ಅಪ್ಪ 'ಅವನು' ಅಂದ್ರೆ ಮಗಳು 'ಅವರು' ಅಂತವ್ಳೆ," ಎಂದು ಸೊಪ್ಪಿಗೆ ಹೇಳಿದಂತೆ ಹೇಳಿ ಮತ್ತೆ ಬಿಡಿಸತೊಡಗಿದರು.

ಸರಿಯಾಯಿತೇ? ಮೂರು ದಿನ ವನಜಾ ಅದನ್ನೇ ತಿರುವಿ ತಿರುವಿ ನೋಡಿದಳು. ಬಾಡಿಗೆ ಗಾಡಿಯಲ್ಲಿ ಉಪ್ಪು ಸಾಗಿಸುತ್ತಿದ್ದಳು, ಅಪಾರ್ಟ್‌ಮೆಂಟಿನ ಗೇಟುಗಳಲ್ಲಿ ಸಹಿ ಹಾಕುತ್ತಿದ್ದಳು, ತಲೆಯೊಳಗೆ ಮಾತ್ರ ಕಳೆದ ಮೇ ತಿಂಗಳ ಆ ಮಧ್ಯಾಹ್ನ. ಯಾವಾಗ ತಪ್ಪಿತು? ತಾನು ಎಲ್ಲಿದ್ದೆ? ಹಾಗೆ ಹುಡುಕುತ್ತಾ ಹುಡುಕುತ್ತಾ ಒಂದು ಜಾಗದಲ್ಲಿ ಅವಳು ಗಕ್ಕನೆ ನಿಂತಳು. ಅಲ್ಲಿ ಕಂಡದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಸಿಟ್ಟು ಆ ಹೊತ್ತಿಗೆ ಇಳಿಯಿತು. ನಾಚಿಕೆ ಇಳಿಯಲಿಲ್ಲ.

ಶನಿವಾರ ಮುತ್ತು ಗೋಡೌನಿಗೆ ಬಂದವನೇ ಹೇಳಿದ.

"ಅಕ್ಕಾ, ನಿಮ್ ಗಾಡಿ ರೆಡಿಯಂತೆ. ಆ ಬಸಲಿಂಗ ಶೆಡ್ ಖಾಲಿ ಮಾಡ್ತಾವ್ನೆ ಕಣಕ್ಕಾ. ಅತ್ತಿಬೆಲೆಲಿ ಲಾರಿ ಬಾಡಿ ಕಟ್ಟೋ ಕಂಪನಿಲಿ ವೆಲ್ಡಿಂಗ್ ಕೆಲಸ ಸಿಕ್ಕೈತಂತೆ. ಸೋಮವಾರದಿಂದ. ರೂಮೂ ಅಲ್ಲೇ."

"ಯಾರು ಹೇಳಿದ್ದು?"

"ಅವನೇ. ನಿಮಗೆ ಹೇಳ್ಬೇಡ ಅಂದ." ಮುತ್ತು ಮೂಟೆಯ ಮೇಲೆ ಕೂತು ಬೀಡಿ ಹುಡುಕಿದ. "ಅದಕ್ಕೇ ಹೇಳ್ತಾ ಇದೀನಿ."

ಶೆಡ್ಡಿನ ಅರ್ಧ ಸಾಮಾನು ಆಗಲೇ ಚೀಲಗಳಲ್ಲಿತ್ತು. ಪಿಕಪ್ ಗುಂಡಿಯ ಮೇಲೆಯೇ ನಿಂತಿತ್ತು. ಬಸಲಿಂಗ ಕೆಳಗಿದ್ದ. ಅವನು ಕರೆಯುವ ಮುಂಚೆಯೇ ವನಜಾ ಇಳಿದಳು. ಅವನು ಗಾಬರಿಯಿಂದ ಗೋಡೆಗೆ ಸರಿದ.

ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ದಪ್ಪ ತಗಡು ಕೂರಿಸಿದ್ದ. ವೆಲ್ಡಿಂಗಿನ ಗೆರೆ ಕೈಹೊಲಿಗೆಯ ಹಾಗೆ ಒಂದೇ ಸಮ ಇತ್ತು. ಮೇಲೆ ಕೆಂಪು ಪ್ರೈಮರ್ ಅಷ್ಟೇ. ಎಂಟು ತೂತುಗಳ ಸುತ್ತಲೂ ಸುಣ್ಣದಕಡ್ಡಿಯಿಂದ ಬಿಳಿ ಬಳೆ ಬರೆದಿದ್ದ.

"ತಟ್ಟಿ ನೋಡ್ರಿ," ಎಂದು ಸುತ್ತಿಗೆ ಅವಳ ಕೈಗೆ ಕೊಟ್ಟ. "ಎಲ್ಲಾ ಕಡೆ. ನಾ ತಟ್ಟಿದ್ರ ಆಗಂಗಿಲ್ಲ. ನೀವಽ ತಟ್ರಿ. ಕೋಟಿಂಗ್ ಬ್ಯಾರೆ ಯಾರ ಕಡೆಯಾದ್ರೂ ಹೊಡಸ್ರಿ."

ಅವಳು ತಟ್ಟಲಿಲ್ಲ. "ಅತ್ತಿಬೆಲೆಗೆ ಹೋಗ್ತೀರಂತೆ."

"ಮುತ್ತಣ್ಣನ ಹೊಟ್ಟ್ಯಾಗ ಒಂದು ಮಾತು ನಿಲ್ಲಂಗಿಲ್ಲ."

"ಯಾಕೆ ಹೋಗ್ತಿದೀರಿ?"

"ಅಲ್ಲಿ ಒಬ್ರು ವೆಲ್ಡ್ ಮಾಡಿದ್ದನ್ನ ಇನ್ನೊಬ್ರು ಚೆಕ್ ಮಾಡ್ತಾರ್ರಿ. ನನ್ನ ಕೈ ಮ್ಯಾಲ ನಂಗಽ ನಂಬಿಕಿ ಹೋಗೈತಿ. ಆವತ್ತಿಂದ ನಿದ್ದಿ ಹತ್ತಿಲ್ಲ. ಕಣ್ಣು ಮುಚ್ಚಿದ್ರ ನೀವು ಈ ಗಾಡ್ಯಾಗ ಹೋಗೂದಽ ಕಾಣ್ತೈತಿ."

ಹೊರಗೆ ರಸ್ತೆಯಲ್ಲಿ ಕಂಪನಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಅದರ ಸದ್ದು ಅಡಗುವವರೆಗೂ ವನಜಾ ಕಾದಳು.

"ಆವತ್ತು ಇನ್ನೊಂದು ಕೈ ಯಾಕೆ ಹೊಡೆದ್ರಿ? ಯಾರೂ ಕೇಳಿರ್ಲಿಲ್ಲವಲ್ಲ."

ಅವನು ಬಹಳ ಹೊತ್ತು ತನ್ನ ಅಂಗೈ ಒರೆಸಿಕೊಂಡ. ಪ್ರೈಮರಿನ ಕೆಂಪು ಹೋಗಲಿಲ್ಲ.

"ನೀವು ಹೇಳಿದ್ರಿ, ಏರಿ ಮ್ಯಾಲ ಟ್ಯಾಂಕರ್ ಬಾಜೂಕ ಬಂದ್ರ ಜೀವ ಬಾಯಿಗೆ ಬರ್ತೈತಿ ಅಂತ. ಮನ್ಯಾಗ ಯಾರಿಗೂ ಹೇಳಿಲ್ಲ, ನಿಮಗಽ ಹೇಳಾಕತ್ತೀನಿ ಅಂದ್ರಿ. ನಾ ಏನ್ ಮಾಡಬಹುದಿತ್ರಿ? ಬಾಜೂಕ ಕುಂತು ಬರ್ಲಾ ಅಂತ ಕೇಳಾಕ ಆಗ್ತಿತ್ತಾ? ನಂಗ ಬರೋ ಕೆಲಸ ಇದೊಂದಽ. ಅದನ್ನಽ ಜಾಸ್ತಿ ಮಾಡಿದೆ."

ವನಜಾಳ ಕಣ್ಣು ತುಂಬಿತು. ತಲೆಯ ಮೇಲಿನ ಕೆಂಪು ಕಬ್ಬಿಣದತ್ತ ಮುಖವೆತ್ತಿ ಅದನ್ನು ತಡೆದಳು.

"ನಾನೂ ಒಂದು ತಪ್ಪು ಹೇಳ್ಬೇಕು," ಎಂದಳು. "ನಡುವೆ ಮಾತಾಡ್ಬೇಡಿ. ಮಾತಾಡಿದ್ರೆ ನನ್ನ ಕೈಲಿ ಆಗಲ್ಲ."

ಅವನು ತಲೆಯಾಡಿಸಿದ.

"ಪ್ರತೀ ವರ್ಷ ನೀವು ಬಿರಡೆ ತೆಗೀವಾಗ ನಾನು ಮೇಲಿಂದ ಎಣಿಸ್ತಿದ್ದೆ. ಎಂಟು ಆದ್ಮೇಲೇ ಟಾರ್ಚ್ ಆರಿಸ್ತಿದ್ದೆ. ಹೋದ ವರ್ಷಾನೂ ಎಣಿಸ್ದೆ. ಆಮೇಲೆ ನೀವು ಮತ್ತೆ ಕೋಟಿಂಗ್ ಹೊಡೆಯೋ ಸ್ಪ್ರೇ ಗನ್ ಎತ್ತಿಕೊಂಡ್ರಿ. ತೂತು ತೆರೆದೇ ಇದಾವೆ ಅಂತ ನಾನು ಹೇಳ್ಬೇಕಿತ್ತು. ಅಷ್ಟಕ್ಕೇ ತಾನೇ ನಾನು ಅಲ್ಲಿ ನಿಂತಿರೋದು? ಹೇಳ್ಲಿಲ್ಲ. ಯಾಕೇಂದ್ರೆ ನೋಡ್ಲೇ ಇಲ್ಲ." ಉಸಿರೆಳೆದುಕೊಂಡಳು. "ಗಾಡಿ ನೋಡ್ತಿರ್ಲಿಲ್ಲ ನಾನು. ನಿಮ್ಮನ್ನ ನೋಡ್ತಿದ್ದೆ."

ಗುಂಡಿಯೊಳಗೆ ಪ್ರೈಮರಿನ ವಾಸನೆ, ಸೆಕೆ.

"ನಂಬಿದ್ದೆ ಅಂತ ಅವತ್ತು ಅಂದುಬಿಟ್ಟೆ. ಆ ಮಾತು ಅರ್ಧಾನೇ ಆಡಿದ್ದು. ಈಗ್ಲೂ ನಂಬ್ತೀನಿ. ಮುಚ್ಚಿಡಬಹುದಾಗಿದ್ದನ್ನ ಕರೆದು ತೋರಿಸಿದೋರನ್ನ ಬಿಟ್ಟು ಇನ್ಯಾರನ್ನ ನಂಬ್ಲಿ?"

"ಈಗ ಮಾತಾಡ್ಲೇನ್ರಿ?" ಅವನು ಕೇಳಿದ.

"ಹ್ಞೂಂ."

"ಮೂರು ವರ್ಷ ಆತು. ನೀವು ಗಾಡಿ ಕಾಯಾಕ ಬರ್ತೀರಿ ಅಂತಽ ತಿಳ್ಕೊಂಡಿದ್ದೆ ನಾ."

"ಗಾಡೀನೂ ಕಾಯ್ತಿದ್ದೆ," ಎಂದಳು ವನಜಾ. ಅಳುವಿನ ನಡುವೆಯೇ ತುಟಿ ಕೊಂಚ ಅರಳಿತು.

ಅವನು ನಗಲಿಲ್ಲ. "ನಿಮ್ಮಪ್ಪಾರು ಏನಂತಾರ್ರಿ? ನೀವು ಊರಿನ ಮಂದಿ. ನಾನು ಬಾಡಿಗಿ ರೂಮಿನಾಂವ."

"ಬೈತಾರೆ. ನಿಮ್ಮನ್ನೂ, ನನ್ನನ್ನೂ. ಒಂದು ತಿಂಗಳು ಮಾತು ಬಿಡ್ತಾರೇನೋ. ಅಮ್ಮಂಗೆ ಆಗ್ಲೇ ಗೊತ್ತಾಗಿದೆ."

"ಆಮ್ಯಾಲ?"

"ಆಮೇಲಿಂದು ನಂಗೊತ್ತಿಲ್ಲ." ಮುಂದಿನದು ಗೊತ್ತಿಲ್ಲ ಎಂದು ಭಯವಿಲ್ಲದೆ ಹೇಳಿದ್ದು ಅವಳಿಗೆ ನೆನಪಿರುವಂತೆ ಇದೇ ಮೊದಲು. "ನಾಳೆ ಭಾನುವಾರ. ಹತ್ತು ಗಂಟೆಗೆ ಮನೆಗೆ ಬನ್ನಿ. ಗಾಡಿಗೆ ಏನಾಯ್ತು ಅಂತ ನಂಗೆ ಹೇಳಿದ ಹಂಗೇ ಅಪ್ಪಂಗೂ ನೀವೇ ಹೇಳಿ. ಉಳಿದದ್ದು ನಾನು ಹೇಳ್ತೀನಿ."

ಅವನ ಕೈ ಅವಳತ್ತ ಬಂದು, ಎಂದಿನಂತೆ ನಡುದಾರಿಯಲ್ಲಿ ನಿಂತಿತು. ಪ್ರೈಮರಿನ ಕೆಂಪು ಹತ್ತಿದ ಆ ಕೈಯನ್ನು ವನಜಾ ತಾನೇ ಹಿಡಿದುಕೊಂಡಳು. ಒರಟಾಗಿತ್ತು, ಬೆಚ್ಚಗಿತ್ತು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಇನ್ನೊಂದು ಕೈಯಿಂದ ತೆಗೆದು ನೋಡಿದ. ಅತ್ತಿಬೆಲೆಯ ಸೂಪರ್‌ವೈಸರ್.

"ಹಲೋ... ಹೌದ್ರಿ ಸರ್, ಬಸಲಿಂಗ. ಸೋಮವಾರ... ಇಲ್ರಿ ಸರ್, ಮನ್ಯಾಗ ಸ್ವಲ್ಪ ಕೆಲಸ ಐತ್ರಿ." ಆ ಕಡೆಯಿಂದ ಏನೋ ಗದರಿದ ಸದ್ದು. ಅವನು ಫೋನನ್ನು ಎದೆಗೆ ಒತ್ತಿ ಹಿಡಿದು ಪಿಸುಗುಟ್ಟಿದ. "ಎಷ್ಟು ದಿನ ತಡ ಆಗ್ತೈತಿ ಅಂತ ಕೇಳಾಕತ್ತಾರ್ರಿ."

ವನಜಾ ಎಂದಿನಂತೆ ಒಂದು ಕ್ಷಣ ಯೋಚಿಸಿದಳು. ಅವನ ಕೈ ಬಿಡಲಿಲ್ಲ.

"ಬರೋದೇ ಇಲ್ಲ ಅಂತ ಹೇಳಿ," ಎಂದಳು.